ಹಿಂದೆ ಕೂತ ಹಳೇ ಬೊಲೆರೊ: ಪಾಟಾ ಜಾಸ್ತಿ ಹಾಕಿಸಲಾ, ಕಮಾನೇ ಬದಲಿಸಲಾ?

ಬನಹಟ್ಟಿ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು 2011ರ ಬೊಲೆರೊ, ಕೆಎ-48, ಜಮಖಂಡಿ ರಿಜಿಸ್ಟ್ರೇಷನ್. ಮನೆಯಲ್ಲಿ ಪವರ್‌ಲೂಮ್ ಇದೆ. ನೂಲಿನ ಚೀಲ ತರೋದು, ಸೀರೆ ಗಂಟು ಒಯ್ಯೋದು ಎಲ್ಲಾ ಇದರಲ್ಲೇ. ಹಿಂದಿನ ಎದುರುಬದುರು ಸೀಟು ಮಡಚಿ ಅಲ್ಲೇ ತುಂಬುತ್ತೇವೆ. ಬನಶಂಕರಿ ಜಾತ್ರೆ ಬಂದರೆ ಮನೆಮಂದಿ ಎಲ್ಲಾ ಅದರಲ್ಲೇ.

ಈಗ ಗಾಡಿ ಹಿಂದೆ ಕೂತುಬಿಟ್ಟಿದೆ. ಖಾಲಿ ಇದ್ದಾಗಲೂ ಮೂತಿ ಮೇಲೆತ್ತಿಕೊಂಡು ನಿಂತಿರುತ್ತದೆ. ಎಡಗಡೆ ಇನ್ನೂ ಜಾಸ್ತಿ. ಮನೆ ಮುಂದೆ ನಿಲ್ಲಿಸಿ ಟೇಪು ಹಿಡಿದು ನೋಡಿದೆ. ಗಾಲಿಯ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎಡಕ್ಕೂ ಬಲಕ್ಕೂ ಎರಡು ಸೆಂಟಿಮೀಟರ್ ಮೇಲೆ ವ್ಯತ್ಯಾಸ ಇದೆ. ಲೋಡ್ ಇದ್ದಾಗ ಹಂಪ್ ದಾಟಿದರೆ ಕೆಳಗಿನಿಂದ ಧಡ್ ಅಂತ ಸದ್ದು ಬರುತ್ತದೆ. ರಾತ್ರಿ ನಾನು ಡಿಮ್‌ನಲ್ಲೇ ಹೋಗುತ್ತಿದ್ದರೂ ಎದುರಿನವರು ಡಿಪ್ಪರ್ ಹೊಡೆದು ಬೈಯುತ್ತಾರೆ.

ಮೊದಲು ತೋರಿಸಿದ ಮಿಸ್ತ್ರಿ ಶಾಕ್ ಅಬ್ಸಾರ್ಬರ್ ಹೋಗಿವೆ ಅಂದರು. ಹಿಂದಿನವು ಎರಡೂ ಹೊಸದು ಹಾಕಿಸಿದೆವು. ಕುಲುಕಾಟ ಕಡಿಮೆ ಆಯಿತು. ಆದರೆ ಎತ್ತರ ಕೂದಲಷ್ಟೂ ಏರಲಿಲ್ಲ.

ಈಗ ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ. ಒಬ್ಬರು ಹಿಂದಿನ ಕಮಾನಿಗೆ (ಲೀಫ್ ಸ್ಪ್ರಿಂಗ್) ಪಾಟಾ, ಅಂದರೆ ಅದರ ಉಕ್ಕಿನ ಪಟ್ಟಿ, ಒಂದು ಜಾಸ್ತಿ ಹಾಕಿಸು ಅಂತಾರೆ. ಇನ್ನೊಬ್ಬರು ಇದ್ದ ಪಾಟಾಗಳನ್ನೇ ಬಿಚ್ಚಿ ಕಾಯಿಸಿ ಮತ್ತೆ ಬಾಗಿಸಿ ಕೊಡ್ತೀನಿ ಅಂತಾರೆ. ಅಪ್ಪನ ಗೆಳೆಯರೊಬ್ಬರು ಪಿಕಪ್ ಗಾಡಿಯ ಕಮಾನು ಕೂರಿಸು, ಜನ್ಮಕ್ಕೂ ಕೂರಲ್ಲ ಅಂತಾರೆ. ಹದಿನೈದು ವರ್ಷ ತುಂಬುತ್ತಿದೆ, ಆರ್‌ಸಿ ರಿನ್ಯೂವಲ್‌ಗೆ ಆರ್‌ಟಿಒ ಮುಂದೆ ನಿಲ್ಲಿಸಬೇಕು. ಗಾಡಿ ಮಾರುವ ಯೋಚನೆ ಇಲ್ಲ, ಎಂಜಿನ್ ಚೆನ್ನಾಗಿದೆ. ಯಾವುದು ಸರಿ, ಗೊತ್ತಿದ್ದವರು ಹೇಳಿ.

ತಿಕೋಟಾ ದ್ರಾಕ್ಷಿ

ಅಣ್ಣಾ, ಸುಮ್ನೆ ಒಂದು ಪಾಟಾ ಜಾಸ್ತಿ ಹಾಕಿಸಿ. ನಮ್ಮ ಅಣ್ಣನ ಗಾಡಿಗೆ ಹಾಕಿಸಿದ್ದೇವೆ. ದ್ರಾಕ್ಷಿ ಕ್ರೇಟು ತುಂಬಿಕೊಂಡು ವಿಜಯಪುರಕ್ಕೆ ಹೋಗುವಾಗ ಒಂಚೂರೂ ಕೂರುವುದಿಲ್ಲ. ಅರ್ಧ ದಿನದ ಕೆಲಸ, ಖರ್ಚೂ ಕಡಿಮೆ.

ಒಂದೇ ತೊಂದರೆ. ಖಾಲಿ ಬರುವಾಗ ಗಾಡಿ ಹಸಿ ಹೋರಿ ಜಿಗಿದ ಹಾಗೆ ಜಿಗಿಯುತ್ತದೆ. ಅತ್ತಿಗೆ ಈಗ ಆ ಗಾಡಿ ಹತ್ತುವುದೇ ಇಲ್ಲ, ಬಸ್ಸಿಗೆ ಹೋಗ್ತೀನಿ ಅಂತಾರೆ.

ಡಿಪೋ ಕಾಕಾ, ನವನಗರ

ತಮ್ಮಾ, ದುಡ್ಡು ಖರ್ಚು ಮಾಡೋಕೆ ಮೊದಲು ಗಾಡಿ ಕೆಳಗೆ ಒಮ್ಮೆ ಸರಿಯಾಗಿ ನೋಡು. ನಾನು ಬಾಗಲಕೋಟೆ ಬಸ್ ಡಿಪೋದಲ್ಲಿ ನೌಕರಿ ಮಾಡಿ ರಿಟೈರ್ ಆದವನು. ಜಾಸ್ತಿ ವರ್ಷ ಕಮಾನು ವಿಭಾಗದಲ್ಲೇ ಕಳೆದೆ. ಬಸ್ಸಾದರೂ ಬೊಲೆರೊ ಆದರೂ ಪಾಟಾದ ಗುಣ ಒಂದೇ.

ಮೊದಲು ಶಾಕ್ ಅಬ್ಸಾರ್ಬರ್ ವಿಷಯ ಮುಗಿಸೋಣ. ಅದು ಗಾಡಿಯನ್ನು ಹೊತ್ತು ನಿಲ್ಲಿಸುವುದಿಲ್ಲ. ಭಾರ ಹೊರುವುದು ಕಮಾನು. ಕಮಾನು ಒಮ್ಮೆ ಅದುಮಿ ಬಿಟ್ಟರೆ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತ ನಿಲ್ಲಿಸುವುದಷ್ಟೇ ಶಾಕ್‌ನ ಕೆಲಸ. ಕುಲುಕಾಟ ಕಡಿಮೆ ಆಯಿತು ಅಂದೆಯಲ್ಲ, ಹಾಗಾದರೆ ಹಳೆಯವು ನಿಜಕ್ಕೂ ಹೋಗಿದ್ದವು. ಆ ದುಡ್ಡು ದಂಡ ಆಗಿಲ್ಲ. ಆದರೆ ಎತ್ತರ ಅದರಿಂದ ಏರುವುದಿಲ್ಲ, ಯಾರು ಹಾಕಿದರೂ ಅಷ್ಟೇ.

ಇನ್ನು ಅಳತೆ. ಮನೆ ಮುಂದೆ ಅಳೆದೆ ಅಂತೀಯಲ್ಲ, ಅಲ್ಲೇ ಅನುಮಾನ. ನಮ್ಮ ರಸ್ತೆಗಳು ನೀರು ಹರಿಯಲಿ ಅಂತ ಅಂಚಿನ ಕಡೆ ಇಳಿಜಾರು ಇರುತ್ತವೆ. ಎಡಕ್ಕೆ ಒತ್ತಿ ನಿಲ್ಲಿಸಿದ ಗಾಡಿ ಎಡಕ್ಕೆ ವಾಲಿದ್ದೇ ಕಾಣುತ್ತದೆ. ಪೆಟ್ರೋಲ್ ಪಂಪಿನ ಕಾಂಕ್ರೀಟ್ ಮೇಲೆ ಬೆಳಗಿನ ಹೊತ್ತು ನಿಲ್ಲಿಸಿ ಅಳೆ. ನಾಲ್ಕೂ ಗಾಲಿಗೆ ಗಾಳಿ ಸರಿ ಇರಲಿ, ಒಳಗೆ ಸಾಮಾನು ಏನೂ ಇರಬಾರದು. ಅಳೆಯೋಕೆ ಮೊದಲು ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ, ಮೂಲೆಗಳನ್ನು ಒತ್ತಿ ಬಿಡು. ಪಾಟಾಗಳು ಒಂದಕ್ಕೊಂದು ಹಿಡಿದುಕೊಂಡಿದ್ದರೆ ಬಿಟ್ಟು ಕೂರುತ್ತವೆ. ನಾಲ್ಕೂ ಗಾಲಿಯ ಅಳತೆ ಬರೆದುಕೋ, ಹಿಂದಿನ ಎರಡೇ ಅಲ್ಲ.

ಯಾಕೆ ನಾಲ್ಕೂ ಅಂದರೆ, ಹಿಂದೆ ಎಡಕ್ಕೆ ವಾಲಿದ್ದು ಎಷ್ಟೋ ಸಲ ಮುಂದಿನ ಸ್ಪ್ರಿಂಗಿನ ದೋಷ ಆಗಿರುತ್ತದೆ. ಅದಕ್ಕೊಂದು ಪರೀಕ್ಷೆ ಇದೆ. ಮುಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಡು. ಹಿಂದಿನ ಆಕ್ಸಲ್ ನಡುವಿನ ದುಂಡನೆಯ ಉಬ್ಬಿಗೆ, ಅಂದರೆ ಡಿಫರೆನ್ಶಿಯಲ್ ಕೆಳಗೆ, ಸರಿಯಾಗಿ ನಡುವೆ ಜಾಕ್ ಕೊಟ್ಟು ಹಿಂದಿನ ಗಾಲಿಗಳು ನೆಲ ಬಿಡುವಷ್ಟು ಎತ್ತು. ಈಗ ಹಿಂದಿನ ಆಕ್ಸಲ್ ಒಂದೇ ಬಿಂದುವಿನ ಮೇಲೆ ನಿಂತಿದೆ, ಎಡ ಬಲ ಅನ್ನೋದು ಅದರ ಕೈಯಲ್ಲಿಲ್ಲ. ಬಾಡಿ ಸಮ ಆದರೆ ದೋಷ ಹಿಂದಿನ ಕಮಾನಿನದು. ಆಗಲೂ ಎಡಕ್ಕೇ ವಾಲಿದ್ದರೆ ಮುಂದೆ ನೋಡಬೇಕು. ಜಾಕ್ ಮೇಲೆ ಇರುವಾಗ ಕೆಳಗೆ ತೂರಬೇಡ. ದೂರ ನಿಂತು ನೋಡು, ಇಳಿಸು, ಅಷ್ಟೇ.

ಆಮೇಲೆ ಕಮಾನು. ಗಾಡಿ ರ್‍ಯಾಂಪ್ ಮೇಲೆ ಹಾಕಿಸಿ ಪಾಟಾಗಳ ಅಂಚನ್ನು ವೈರ್ ಬ್ರಷ್‌ನಿಂದ ಉಜ್ಜು. ಮುರಿದ ಪಾಟಾ ಹೊರಗೆ ಸುಲಭವಾಗಿ ಕಾಣಲ್ಲ. ಮೇಲೊಂದು ಕೆಳಗೊಂದು ಪಾಟಾ ಅದನ್ನು ಹಿಡಿದಿಟ್ಟುಕೊಂಡಿರುತ್ತವೆ, ಮೇಲೆ ಮಣ್ಣು ಬೇರೆ. ಡಿಪೋದಲ್ಲಿ ನಾವು ಹೀಗೆ ಮಾಡುತ್ತಿದ್ದೆವು. ಉಜ್ಜಿದ ಜಾಗಕ್ಕೆ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡೋದು. ಬಟ್ಟೆಯಿಂದ ಒಣಗುವ ಹಾಗೆ ಒರೆಸೋದು. ಅದರ ಮೇಲೆ ಶಾಲೆಯ ಸೀಮೆಸುಣ್ಣ ಉಜ್ಜಿ ಬೆಳ್ಳಗೆ ಮಾಡೋದು. ಬಿರುಕು ಇದ್ದರೆ ಒಳಗೆ ಇಳಿದ ಸೀಮೆಎಣ್ಣೆ ನಿಧಾನಕ್ಕೆ ಹೊರಗೆ ಬಂದು ಸುಣ್ಣದ ಮೇಲೆ ಕಪ್ಪು ಗೆರೆ ಬೀಳುತ್ತದೆ. ಈಗ ಸೀಮೆಎಣ್ಣೆ ಸಿಗಲ್ಲ ಅಂದರೆ ಡೀಸೆಲ್ ಆಗುತ್ತದೆ. ಬಿರುಕು ಬರುವುದು ಜಾಸ್ತಿ ಎಲ್ಲಿ ಅಂದರೆ ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಪಕ್ಕ, ಪಾಟಾಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟಿನ ತೂತಿನ ಹತ್ತಿರ, ಎಲ್ಲಕ್ಕೂ ಮೇಲಿನ ಮೇನ್ ಪಾಟಾದ ತುದಿಯಲ್ಲಿ ಸುತ್ತಿದ ಕಣ್ಣಿನ ಬುಡದಲ್ಲಿ.

ಎಡಗಡೆಯೇ ಯಾಕೆ ಮೊದಲು ಹೋಗುತ್ತದೆ ಅಂತ ಕೇಳಬೇಡ. ಕಬ್ಬಿನ ಸೀಜನ್‌ನಲ್ಲಿ ನಿಮ್ಮ ಕಡೆ ಓಡಾಡಿದವರಿಗೆ ಗೊತ್ತು. ಎರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಎದುರು ಬಂದರೆ ಎಡಗಾಲಿ ಡಾಂಬರು ಬಿಟ್ಟು ಕೆಳಗೆ ಇಳಿಯಲೇಬೇಕು. ಆ ಅಂಚಿನ ಏಟೆಲ್ಲ ಎಡಗಡೆ ಕಮಾನಿಗೇ.

ಶ್ಯಾಕಲ್, ಅಂದರೆ ಕಮಾನಿನ ಹಿಂದಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ, ಅದರ ಕಡೆಗೂ ಕಣ್ಣು ಹಾಕು. ಕಮಾನು ಚಪ್ಪಟೆ ಆದ ಹಾಗೆ ಉದ್ದ ಆಗುತ್ತದೆ, ಶ್ಯಾಕಲ್ ಹಿಂದಕ್ಕೆ ಮಲಗುತ್ತದೆ. ಎಡದ್ದೂ ಬಲದ್ದೂ ಬೇರೆ ಬೇರೆ ಕೋನದಲ್ಲಿ ಇದ್ದರೆ ಟೇಪೇ ಬೇಡ. ಅಲ್ಲಿನ ಬುಶ್, ಅಂದರೆ ಬೋಲ್ಟಿನ ಸುತ್ತ ಇರುವ ರಬ್ಬರ್ ಬಳೆ, ಒತ್ತಿ ನೋಡು. ನಮ್ಮಲ್ಲಿ ಗಾಡಿ ತೊಳೆಸಿದರೆ ಕೊನೆಗೆ ಕೆಳಗೆಲ್ಲ ಡೀಸೆಲ್ಲೋ ಕರಿ ಆಯಿಲ್ಲೋ ಹೊಡೆಯುವ ಚಟ ಇದೆ. ಮಿಂಚುತ್ತದೆ, ಗಿರಾಕಿಗೆ ಖುಷಿ. ಆ ಎಣ್ಣೆ ಕುಡಿದು ರಬ್ಬರ್ ಬುಶ್ ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆಗೆ ಧೂಳು ಹಿಡಿದು ಪಾಟಾ ನಡುವೆ ಉಪ್ಪುಕಾಗದದ ಕೆಲಸ ಮಾಡುತ್ತದೆ. ಬೇಡ ಅಂತ ಮೊದಲೇ ಹೇಳಬೇಕು, ಇಲ್ಲದಿದ್ದರೆ ಕೇಳದೇ ಹೊಡೆದುಬಿಡುತ್ತಾರೆ.

ಈಗ ನಿನ್ನ ನಿಜವಾದ ಪ್ರಶ್ನೆ. ಕಾಯಿಸಿ ಬಾಗಿಸುವುದು ಬೇಡವೇ ಬೇಡ. ಪಾಟಾ ಅಂದರೆ ಬರೀ ಕಬ್ಬಿಣದ ಪಟ್ಟಿ ಅಲ್ಲ. ಕಾರ್ಖಾನೆಯಲ್ಲಿ ಅದನ್ನು ಸುಮಾರು 850ರಿಂದ 900 ಡಿಗ್ರಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಅದು ಗಾಜಿನಷ್ಟು ಬಿರುಸಾಗಿರುತ್ತದೆ. ಮತ್ತೆ 450-500 ಡಿಗ್ರಿ ಆಸುಪಾಸು ಹದ ಮಾಡಿದ ಮೇಲೆಯೇ ಬಾಗಿ ಮರಳುವ ಗುಣ ಬರುವುದು. ರಸ್ತೆ ಬದಿಯಲ್ಲಿ ಗ್ಯಾಸ್ ಹಚ್ಚಿ ಒಂದು ಕಡೆ ಕೆಂಪಗೆ ಮಾಡಿ ಬಾಗಿಸಿದರೆ ಆ ಹದ ಅಲ್ಲಿಗೆ ಸತ್ತಿತು. ಗಾಳಿಯಲ್ಲಿ ಆರಿದರೆ ಮೆತ್ತಗಾಗಿ ಮತ್ತೆ ಕೂರುತ್ತದೆ. ನೀರು ಹಾಕಿದರೆ ಅಲ್ಲೇ ಮುರಿಯುತ್ತದೆ.

ಕಾಯಿಸದೆ ತಣ್ಣಗಿದ್ದಾಗಲೇ ಸುತ್ತಿಗೆಯಿಂದಲೋ ಪ್ರೆಸ್‌ನಲ್ಲೋ ಕಮಾನು ಏರಿಸುವವರು ಇದ್ದಾರೆ. ಪಾಟಾದಲ್ಲಿ ಬಿರುಕು ಇಲ್ಲದಿದ್ದರೆ ಅದು ಪರವಾಗಿಲ್ಲ, ಸ್ವಲ್ಪ ಕಾಲ ನಡೆಯುತ್ತದೆ. ಆದರೆ ಕೈ ಪಳಗಿದವನು ಬೇಕು. ಬಿಡಿ ಪಾಟಾಗಳನ್ನು ಒಂದರ ಮೇಲೊಂದು ಇಟ್ಟು ನೋಡು. ಕೆಳಗಿನ ಗಿಡ್ಡ ಪಾಟಾದ ಬಾಗು ಮೇಲಿನದಕ್ಕಿಂತ ಚೂರು ಜಾಸ್ತಿ ಇರುತ್ತದೆ. ತುದಿಗಳು ತಾಗಿ ನಡುವೆ ಸಂದಿ ಉಳಿಯುತ್ತದೆ. ಸೆಂಟರ್ ಬೋಲ್ಟ್ ಬಿಗಿ ಮಾಡಿದಾಗ ಆ ಸಂದಿ ಮುಚ್ಚಿಕೊಂಡು ಪಾಟಾಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಭಾರ ಎಲ್ಲಕ್ಕೂ ಹಂಚಿಕೆ ಆಗುವುದು ಹಾಗೆ. ಬರೀ ಮೇನ್ ಪಾಟಾ ಒಂದನ್ನೇ ಬಾಗಿಸಿ ಕೂರಿಸಿದರೆ ಕೆಳಗಿನವು ಸುಮ್ನೆ ಜೋತುಬಿದ್ದಿರುತ್ತವೆ, ಎಲ್ಲಾ ಭಾರ ಅದೊಂದರ ಮೇಲೆ.

ಪಾಟಾ ಜಾಸ್ತಿ ಹಾಕುವುದಕ್ಕೂ ಇದೇ ಲೆಕ್ಕ. ತಿಕೋಟಾದವರ ಗಾಡಿ ದಿನಾ ತುಂಬಿಕೊಂಡೇ ಓಡುತ್ತದೆ, ಅವರಿಗೆ ಸರಿ. ನಿನ್ನದು ಹಾಗಲ್ಲ. ಸತ್ತ ಪಾಟಾಗಳ ನಡುವೆ ಒಂದು ಹೊಸದು ಹಾಕಿದರೆ ಅದೊಂದೇ ದುಡಿದು ಅದೊಂದೇ ಮುರಿಯುತ್ತದೆ. ಪಿಕಪ್ ಕಮಾನು ಅಂತೂ ಬಿಡು. ಅದು ಟನ್ ಲೆಕ್ಕದಲ್ಲಿ ಹೊರೋಕೆ ಮಾಡಿದ್ದು. ಖಾಲಿ ಗಾಡಿಯಲ್ಲಿ ಅದು ಬಾಗುವುದೇ ಇಲ್ಲ, ಗಾಲಿ ನೆಲ ಹಿಡಿಯಲ್ಲ, ಮಳೆಯಲ್ಲಿ ಬ್ರೇಕ್ ಹೊಡೆದರೆ ಹಿಂದೆ ಜಾರುತ್ತದೆ.

ನನ್ನ ಮಾತು ಕೇಳೋದಾದರೆ, ನಿನ್ನ ಮಾಡೆಲ್‌ಗೇ ಬರುವ ಕಮಾನು ಸೆಟ್ ಎರಡೂ ಕಡೆ ಹೊಸದು ಹಾಕಿಸು. ಒಂದೇ ಕಡೆ ಬೇಡ. ಜೊತೆಗೆ ಬುಶ್, ಶ್ಯಾಕಲ್ ಪಿನ್, ಸೆಂಟರ್ ಬೋಲ್ಟ್, ಯು ಬೋಲ್ಟ್ ಎಲ್ಲಾ ಹೊಸದು.

ನೂಲಿನ ಚೀಲ ಇಡುವ ಜಾಗವನ್ನೂ ಬದಲಿಸು. ಬೊಲೆರೊ ಗಾಲಿಯಿಂದ ಗಾಲಿಗೆ 2680 ಮಿಲಿಮೀಟರ್. ಹಿಂದಿನ ಆಕ್ಸಲ್‌ಗಿಂತ 67 ಸೆಂಟಿಮೀಟರ್ ಹಿಂದೆ, ಅಂದರೆ ಬಾಗಿಲ ಹತ್ತಿರ, 100 ಕೆಜಿ ಇಟ್ಟರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 125 ಕೆಜಿ. ಮುಂದಿನ ಗಾಲಿಗಳಿಂದ 25 ಕೆಜಿ ಎದ್ದುಹೋಗುತ್ತದೆ. ಅದೇ ಚೀಲವನ್ನು ನಡುವಿನ ಸೀಟಿನ ಬೆನ್ನಿಗೆ ಒತ್ತಿ ಇಟ್ಟರೆ ಕಮಾನಿಗೂ ಸ್ಟೇರಿಂಗಿಗೂ ಒಳ್ಳೆಯದು. ಇಳಿಸೋಕೆ ಸುಲಭ ಅಂತ ಎಲ್ಲರೂ ಬಾಗಿಲ ಹತ್ತಿರವೇ ತುಂಬುತ್ತಾರೆ.

ಉದ್ಯಮಬಾಗ ನಟ್‌ಬೋಲ್ಟ್

ಕಾಕಾ ಹೇಳಿದ ಮೇಲೆ ನಾನು ಸೇರಿಸೋದು ಎರಡೇ ವಿಷಯ. ನಾನು ಬೆಳಗಾವಿಯಲ್ಲಿ ಮಷಿನ್ ಶಾಪ್‌ನಲ್ಲಿ ಕೆಲಸ ಮಾಡುತ್ತೇನೆ, ಗಾಡಿ ಹುಚ್ಚು ಇದೆ.

ಒಂದು, ಹಿಂದಿನ ಬ್ರೇಕ್. ಎಬಿಎಸ್ ಇಲ್ಲದ ಆ ಕಾಲದ ಎಷ್ಟೋ ಗಾಡಿಗಳಲ್ಲಿ ಚಾಸಿಗೆ ಒಂದು ಚಿಕ್ಕ ವಾಲ್ವ್ ಇರುತ್ತದೆ. ಅದರಿಂದ ಒಂದು ರಾಡ್ ಅಥವಾ ಸ್ಪ್ರಿಂಗ್ ಹಿಂದಿನ ಆಕ್ಸಲ್‌ಗೆ ಹೋಗಿರುತ್ತದೆ. ಎಲ್‌ಎಸ್‌ಪಿವಿ ಅಂತಾರೆ. ಚಾಸಿ ಮತ್ತು ಆಕ್ಸಲ್ ನಡುವೆ ಎಷ್ಟು ಅಂತರ ಇದೆ ಅನ್ನೋದರ ಮೇಲೆ ಗಾಡಿಯಲ್ಲಿ ಎಷ್ಟು ಭಾರ ಇದೆ ಅಂತ ಅದು ತಿಳಿಯುತ್ತದೆ. ಭಾರ ಜಾಸ್ತಿ ಇದ್ದರೆ ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಬಿಡುತ್ತದೆ, ಖಾಲಿ ಇದ್ದರೆ ಕಡಿಮೆ. ಈಗ ನಿಮ್ಮ ಗಾಡಿ ಖಾಲಿ ಇದ್ದರೂ ಕೂತೇ ಇರುತ್ತದೆ ಅಲ್ವಾ, ವಾಲ್ವ್‌ಗೆ ಅದು ಲೋಡ್ ಇದ್ದ ಹಾಗೆ ಕಾಣುತ್ತದೆ. ಗಟ್ಟಿ ಬ್ರೇಕ್ ಹೊಡೆದರೆ ಹಿಂದಿನ ಗಾಲಿ ಲಾಕ್ ಆಗಬಹುದು. ಬೇಕಾದ್ದಕ್ಕಿಂತ ಎತ್ತರ ಮಾಡಿದರೆ ಇದಕ್ಕೆ ಉಲ್ಟಾ. ತುಂಬಿದ ಗಾಡಿಯಲ್ಲೂ ಹಿಂದಿನ ಬ್ರೇಕ್ ಅರ್ಧಂಬರ್ಧ ಹಿಡಿಯುತ್ತದೆ. ನಿಮ್ಮದರಲ್ಲಿ ಆ ವಾಲ್ವ್ ಇದ್ದರೆ, ಹೊಸ ಕಮಾನು ಹಾಕಿದ ಮೇಲೆ ರಾಡ್ ಹೊಂದಿಸಲೇಬೇಕು. ತುಂಬಾ ಜನ ಆ ರಾಡ್ ಬಿಚ್ಚಿ ತಂತಿಯಿಂದ ಕಟ್ಟಿಬಿಟ್ಟಿರುತ್ತಾರೆ, ಅದನ್ನೂ ನೋಡಿ.

ಎರಡು, ಹೆಡ್‌ಲೈಟ್. ಹಿಂದೆ ಕೂತರೆ ಮುಂದಿನ ಬೆಳಕು ಮರದ ಕೊಂಬೆಗೆ ಹೊಡೆಯುತ್ತದೆ, ಎದುರಿನವರು ಬೈಯುತ್ತಿರುವುದು ಅದಕ್ಕೇ. ಈಗಲೇ ಸ್ಕ್ರೂ ತಿರುಗಿಸಿ ಕೆಳಗೆ ಮಾಡಬೇಡಿ. ಕಮಾನು ಹಾಕಿದ ಮೇಲೆ ಗೋಡೆಗೆ ಬಿಟ್ಟು ಹೊಂದಿಸಿ. ಫಿಟ್ನೆಸ್‌ಗೆ ಹೋದಾಗ ಲೈಟು, ಬ್ರೇಕು ಎರಡೂ ನೋಡುತ್ತಾರೆ.

ಗೋಕಾಕ ಸ್ಕಾರ್ಪಿಯೊ

ನಡುವೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ನಮ್ಮದು ಹಳೇ ಸ್ಕಾರ್ಪಿಯೊ, ಹಿಂದೆ ಪಾಟಾ ಇಲ್ಲ, ಕಾಯಿಲ್ ಸ್ಪ್ರಿಂಗ್. ಇದೂ ಕೂತಿದೆ. ಸುರುಳಿಗಳ ನಡುವೆ ರಬ್ಬರ್ ತುಂಡು ತೂರಿಸಿಕೊಡ್ತೀವಿ, ಅರ್ಧ ಗಂಟೆ ಕೆಲಸ ಅಂತಾರೆ. ಹಾಕಿಸಲಾ?

ಉದ್ಯಮಬಾಗ ನಟ್‌ಬೋಲ್ಟ್

ಬೇಡ ಅಣ್ಣಾ. ರಬ್ಬರ್ ತೂರಿಸಿದ ಜಾಗದ ಸುರುಳಿ ಕೆಲಸ ಮಾಡೋದು ನಿಲ್ಲುತ್ತದೆ. ಉಳಿದ ಸುರುಳಿಗಳೇ ಎಲ್ಲಾ ಬಾಗು ತೆಗೆದುಕೊಳ್ಳಬೇಕು. ಗಾಡಿ ಏರಿದ ಹಾಗೆ ಕಾಣುತ್ತದೆ, ಸ್ಪ್ರಿಂಗ್ ಒಂದು ದಿನ ಆ ರಬ್ಬರಿನ ಅಂಚಿನಲ್ಲೇ ಮುರಿಯುತ್ತದೆ. ಸ್ಪ್ರಿಂಗ್ ತುದಿಗೆ ಇಡುವ ಸ್ಪೇಸರ್ ಬೇರೆ. ಅದು ಎತ್ತರ ಮಾತ್ರ ಏರಿಸುತ್ತದೆ, ಗಡಸು ಹೆಚ್ಚಾಗಲ್ಲ. ಆದರೆ ಸತ್ತ ಸ್ಪ್ರಿಂಗ್‌ಗೆ ಅದೂ ಮದ್ದಲ್ಲ. ಕಾಯಿಲ್ ಬದಲಿಸೋದು ಕಮಾನಿಗಿಂತ ಸುಲಭ, ಜೋಡಿ ಹೊಸದೇ ಹಾಕಿಸಿ. ಕೆಳಗಿನ ರಬ್ಬರ್ ಸೀಟೂ ಹೊಸದು ಕೇಳಿ.

ಬನಹಟ್ಟಿ ಹುಡುಗ

ಕಾಕಾ, ನೀವು ಹೇಳಿದ ಹಾಗೆ ಪಂಪ್‌ನಲ್ಲಿ ನಿಲ್ಲಿಸಿ ಅಳೆದೆ. ಅರ್ಧದಷ್ಟು ವ್ಯತ್ಯಾಸ ರಸ್ತೆಯದ್ದೇ! ಉಳಿದದ್ದು ಗಾಡಿಯದು. ಜಾಕ್ ಪರೀಕ್ಷೆಯಲ್ಲಿ ಬಾಡಿ ಸಮ ಆಯಿತು, ಅಂದರೆ ಮುಂದಿನ ಸ್ಪ್ರಿಂಗ್ ಬಚಾವ್.

ಜಮಖಂಡಿಯಲ್ಲಿ ರ್‍ಯಾಂಪ್ ಮೇಲೆ ಹಾಕಿಸಿ ತಂಗಿಯ ಡಬ್ಬಿಯಿಂದ ಸೀಮೆಸುಣ್ಣ ಒಯ್ದು ಉಜ್ಜಿದೆ. ಮಿಸ್ತ್ರಿ ನಗುತ್ತಾ ನಿಂತಿದ್ದರು. ಎಡಗಡೆ ಎರಡನೇ ಪಾಟಾದಲ್ಲಿ, ಯು ಬೋಲ್ಟಿನಿಂದ ಒಂದು ಬೆರಳು ಆಚೆ, ಅಡ್ಡಕ್ಕೆ ಸಣ್ಣ ಕಪ್ಪು ಗೆರೆ ಮೂಡಿತು. ಬಿಚ್ಚಿದಾಗ ಅದು ಅರ್ಧಕ್ಕಿಂತ ಜಾಸ್ತಿ ಒಳಗೆ ಹೋಗಿತ್ತು. ಒಡೆದ ಮುಖದ ಒಂದು ಭಾಗ ಪೂರ್ತಿ ತುಕ್ಕು, ಇನ್ನೊಂದು ಭಾಗ ಬೆಳ್ಳಿ ಥರ ಹೊಳೆಯುತ್ತಿತ್ತು. ಆಮೇಲೆ ಮಿಸ್ತ್ರಿಯೇ ಉಳಿದ ಸುಣ್ಣ ಇಸ್ಕೊಂಡು ಜೇಬಿಗೆ ಹಾಕಿದರು.

ಎರಡೂ ಕಡೆ ಹೊಸ ಸೆಟ್ ಹೇಳಿದ್ದೇವೆ. ಹಿಂದಿನ ಬ್ರೇಕಿನ ಆ ರಾಡ್ ನಮ್ಮದರಲ್ಲೂ ಇದೆ, ನಟ್‌ಬೋಲ್ಟ್ ಅಣ್ಣ ಹೇಳಿದ ಹಾಗೆ ತಂತಿಯಿಂದ ಕಟ್ಟಿದ್ದರು. ಯಾರು ಯಾವಾಗ ಕಟ್ಟಿದರೋ. ಅದನ್ನೂ ಸರಿ ಮಾಡಿಸ್ತೀವಿ.

ಈಗ ಒಂದೇ ತಕರಾರು. ಯು ಬೋಲ್ಟ್ ಹಳೆಯವೇ ಗಟ್ಟಿ ಇವೆ, ಹೊಸದು ಯಾಕೆ ಅಂತ ಮಿಸ್ತ್ರಿ ಕೇಳ್ತಾರೆ. ಏನು ಹೇಳಲಿ?

ಡಿಪೋ ಕಾಕಾ, ನವನಗರ

ಗಟ್ಟಿ ಕಾಣುತ್ತವೆ, ನಿಜ. ಯು ಬೋಲ್ಟ್ ಬಿಗಿ ಮಾಡಿದಾಗ ಚೂರು ಎಳೆದುಕೊಳ್ಳುತ್ತದೆ, ಆ ಎಳೆತವೇ ಕಮಾನನ್ನು ಆಕ್ಸಲ್‌ಗೆ ಒತ್ತಿ ಹಿಡಿಯುವುದು. ಒಮ್ಮೆ ಎಳೆದು ವರ್ಷಗಟ್ಟಲೆ ದುಡಿದ ಬೋಲ್ಟ್ ಎರಡನೇ ಸಲ ಅಷ್ಟು ಹಿಡಿಯಲ್ಲ, ಥ್ರೆಡ್ಡಿಗೂ ತುಕ್ಕು. ಅದು ಸಡಿಲ ಆದರೆ ಪಾಟಾ ಅಲುಗಾಡಿ ಸೆಂಟರ್ ಬೋಲ್ಟ್ ತುಂಡಾಗುತ್ತದೆ. ಆಮೇಲೆ ಆಕ್ಸಲ್ ಒಂದು ಕಡೆ ಹಿಂದಕ್ಕೆ ಸರಿದು ಗಾಡಿ ಅಡ್ಡಡ್ಡ ಓಡುತ್ತದೆ. ಇಡೀ ಕೆಲಸದಲ್ಲಿ ಕಡಿಮೆ ಬೆಲೆಯ ಸಾಮಾನು ಅದು, ಅದರಲ್ಲಿ ಉಳಿಸಬೇಡಿ ಅಂತ ನನ್ನ ಹೆಸರು ಹೇಳು.

ಫಿಟ್ ಮಾಡುವಾಗ ನೀನು ಪಕ್ಕದಲ್ಲೇ ನಿಲ್ಲು. ಪಾಟಾ ನಡುವೆ ಗ್ರಾಫೈಟ್ ಗ್ರೀಸ್ ತೆಳ್ಳಗೆ ಸವರಿಸು, ಬುಶ್‌ಗೆ ತಾಗದ ಹಾಗೆ. ಶ್ಯಾಕಲ್ ಮತ್ತು ಕಣ್ಣಿನ ಬೋಲ್ಟುಗಳನ್ನು ಗಾಡಿ ಜಾಕ್ ಮೇಲೆ ಇರುವಾಗ ಪೂರ್ತಿ ಬಿಗಿ ಮಾಡಬಾರದು. ಗಾಲಿ ನೆಲಕ್ಕೆ ಊರಿ, ಗಾಡಿ ತನ್ನ ಎತ್ತರಕ್ಕೆ ಕೂತ ಮೇಲೆ ಕೊನೆಯ ಬಿಗಿ. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಯು ಬೋಲ್ಟ್ ನಾಲ್ಕು ನಟ್ಟನ್ನೂ ಒಂದೇ ಸಲ ಒಂದೊಂದನ್ನೇ ಪೂರ್ತಿ ಎಳೆಯೋದಲ್ಲ, ಎದುರುಬದುರು ಸ್ವಲ್ಪ ಸ್ವಲ್ಪ. 500 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಿಗಿ ಮಾಡಿಸು. ಹೊಸ ಕಮಾನೂ ಅಷ್ಟರಲ್ಲಿ ಸ್ವಲ್ಪ ಕೂರುತ್ತದೆ, ಗಾಬರಿ ಆಗಬೇಡ. ಬ್ರೇಕ್ ರಾಡು, ಹೆಡ್‌ಲೈಟು ಅದಾದ ಮೇಲೆ ಇನ್ನೊಮ್ಮೆ ನೋಡಿಸು.

ಹಳೇ ಪಾಟಾ ಅಂಗಡಿಯಲ್ಲಿ ಬಿಟ್ಟು ಬರಬೇಡ. ಊರಿನ ಕಮ್ಮಾರನಿಗೆ ಕೊಟ್ಟರೆ ಒಳ್ಳೆ ಕುಡಗೋಲು, ಕೊಡಲಿ ಮಾಡಿಕೊಡುತ್ತಾನೆ. ಬಿರುಕು ಬಿಟ್ಟದ್ದನ್ನು ಮಾತ್ರ ಗುಜರಿಗೆ ಹಾಕು, ಇಲ್ಲದಿದ್ದರೆ ಯಾರೋ ಅದನ್ನೇ ಕತ್ತರಿಸಿ ಇನ್ನೊಬ್ಬರ ಗಾಡಿಗೆ ಜಾಸ್ತಿ ಪಾಟಾ ಅಂತ ಕೂರಿಸುತ್ತಾರೆ.